ಪತ್ರಕರ್ತರ ಬಂಧನ, ಬಿಡುಗಡೆ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಜೈಲಿನಲ್ಲಿರುವ ಪತ್ರಕರ್ತರ ಪರ ಕೆಲಸ ಮಾಡುವವರಿಗೆ ಸಭೆಗಳಲ್ಲಿ, ಕಾಗದಗಳಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳಿದವರ ಮಾತಿನ ಧಾಟಿಯನ್ನು ಹಾಗೇ ಉಳಿಸಿದ್ದೇನೆ. ಯಾವ ಉತ್ತರವನ್ನು ಬೇಕಾದರೂ ಬಿಡಿಯಾಗಿ ಓದಬಹುದು. ಕಾನೂನಿನ ಮಾತು ಬಂದ ಕಡೆ, ಇದು ವಕೀಲರ ಹತ್ತಿರ ಹೋಗುವ ಮುಂಚೆ ತಿಳಿದಿರಬೇಕಾದ ವಿಷಯ ಅಷ್ಟೇ. ವಕೀಲರ ಸಲಹೆ ಬೇಕೇ ಬೇಕು.

## ಮೊದಲ ಪ್ರಶ್ನೆಗಳು

ಪತ್ರಕರ್ತರಿಗೆ ಮಾತ್ರ ಯಾಕೆ ವಿಶೇಷ ಸ್ವಾತಂತ್ರ್ಯ? ಅವರೇನು ಆಕಾಶದಿಂದ ಇಳಿದು ಬಂದವರಾ?

ವಿಶೇಷ ಏನೂ ಇಲ್ಲ. ನಮ್ಮ ಸಂವಿಧಾನದಲ್ಲಿ ಪತ್ರಿಕಾ ಸ್ವಾತಂತ್ರ್ಯಕ್ಕೆ ಅಂತ ಪ್ರತ್ಯೇಕ ವಿಧಿಯೇ ಇಲ್ಲ. 19(1)(ಎ) ವಿಧಿ ಎಲ್ಲ ನಾಗರಿಕರಿಗೂ ಮಾತಿನ ಸ್ವಾತಂತ್ರ್ಯ ಕೊಟ್ಟಿದೆ. ಪತ್ರಿಕೆಯ ಸ್ವಾತಂತ್ರ್ಯವೂ ಅದರೊಳಗೇ ಸೇರಿದೆ. 1950ರಲ್ಲಿ ಮದ್ರಾಸ್ ಸರ್ಕಾರ ರೊಮೇಶ್ ಥಾಪರ್ ಅವರ 'ಕ್ರಾಸ್ ರೋಡ್ಸ್' ವಾರಪತ್ರಿಕೆ ತನ್ನ ರಾಜ್ಯದೊಳಗೆ ಬರಬಾರದು ಎಂದು ತಡೆದಿತ್ತು. ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಬರೆದದ್ದು ಜನರ ಕೈಗೆ ತಲುಪುವುದೂ ಈ ಸ್ವಾತಂತ್ರ್ಯದ ಭಾಗವೇ ಎಂದು ಹೇಳಿತು. ಅಂದರೆ ಈ ಹಕ್ಕು ಬರೆಯುವವರದು ಎಷ್ಟೋ, ಓದುವ ನಮ್ಮದೂ ಅಷ್ಟೇ.

ತಪ್ಪು ಮಾಡಿದ್ರೆ ಪತ್ರಕರ್ತನಾದ್ರೂ ಜೈಲಿಗೆ ಹೋಗ್ಬೇಕಲ್ವಾ?

ಹೌದು, ಹೋಗಬೇಕು. ಸುದ್ದಿ ಹಾಕುತ್ತೇನೆ ಎಂದು ಹೆದರಿಸಿ ದುಡ್ಡು ಕಿತ್ತರೆ ಅದು ಸುಲಿಗೆ. ಅಂಥವರ ಪರ ಯಾರೂ ನಿಲ್ಲಬೇಕಾಗಿಲ್ಲ. ಆದರೆ ಇಲ್ಲಿ ಎರಡು ವಿಷಯ ನೋಡಬೇಕು. ಒಂದು, ಆರೋಪ ಇರುವುದು ಅವರು ಮಾಡಿದ ಅಪರಾಧದ ಮೇಲಾ, ಬರೆದ ವರದಿಯ ಮೇಲಾ? ಇನ್ನೊಂದು, ತಪ್ಪು ಸಾಬೀತಾಗಿದೆಯಾ? ಇಲ್ಲಿ ಹೆಸರು ಬರುವ ಹೆಚ್ಚಿನವರು ವಿಚಾರಣೆ ಮುಗಿಯುವ ಮೊದಲೇ ತಿಂಗಳು, ವರ್ಷಗಟ್ಟಲೆ ಒಳಗಿದ್ದವರು. ಕೋರ್ಟು ಶಿಕ್ಷೆ ಕೊಡುವ ಮೊದಲೇ ಅವರು ಶಿಕ್ಷೆ ಅನುಭವಿಸಿ ಆಗಿರುತ್ತದೆ.

ಯೂಟ್ಯೂಬ್ ಚಾನೆಲ್ ಇಟ್ಕೊಂಡವರೂ ಪತ್ರಕರ್ತರೇ?

ಮಾಡುವ ಕೆಲಸ ನೋಡಿ, ಕೊರಳಿನ ಕಾರ್ಡು ನೋಡಬೇಡಿ. ಛತ್ತೀಸಗಢದ ಬಿಜಾಪುರದ ಮುಕೇಶ್ ಚಂದ್ರಾಕರ್ 'ಬಸ್ತರ್ ಜಂಕ್ಷನ್' ಎಂಬ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದರು. ರಸ್ತೆ ಕಾಮಗಾರಿಯ ಅವ್ಯವಹಾರ ಹೊರಬಂದ ಮೇಲೆ, 2025ರ ಜನವರಿ 3ರಂದು, ಅವರ ಶವ ಗುತ್ತಿಗೆದಾರನ ಜಾಗದ ಸೆಪ್ಟಿಕ್ ಟ್ಯಾಂಕಿನಲ್ಲಿ ಸಿಕ್ಕಿತು. ಅವರು ಪತ್ರಕರ್ತರಲ್ಲ ಎಂದು ಯಾರಿಗೆ ಹೇಳುವ ಮನಸ್ಸು ಬಂದೀತು?

ಜಿಲ್ಲೆ, ತಾಲ್ಲೂಕುಗಳಲ್ಲಿ ಕೆಲಸ ಮಾಡುವ ಎಷ್ಟೋ ಜನಕ್ಕೆ ನೇಮಕಾತಿ ಪತ್ರವೇ ಇರುವುದಿಲ್ಲ. ಸುದ್ದಿಗೆ ಇಷ್ಟು ಅಂತ ಕೊಡುತ್ತಾರೆ, ಕೆಲವೊಮ್ಮೆ ಅದೂ ಇಲ್ಲ. ಬಂಧನವಾದ ದಿನ ಪೊಲೀಸರು ಕೇಳುವ ಮೊದಲ ಪ್ರಶ್ನೆಯೇ 'ಯಾವ ಪೇಪರು?' ಸಂಸ್ಥೆಯವರು 'ನಮ್ಮವರಲ್ಲ' ಎಂದು ಕೈ ತೊಳೆದುಕೊಂಡರೆ ಅಲ್ಲಿಗೆ ಅರ್ಧ ಸೋತ ಹಾಗೆ. ಅದಕ್ಕೇ ಬಿಡಿ ವರದಿಗಾರರಿಗೆ ನಾವು ಹೇಳುವುದಿಷ್ಟು: ಪ್ರಕಟವಾದ ವರದಿಗಳ ಪಟ್ಟಿ, ಸಂಪಾದಕರ ಜೊತೆ ನಡೆದ ಪತ್ರವ್ಯವಹಾರ, ದುಡ್ಡು ಬಂದ ಬ್ಯಾಂಕ್ ವಿವರ ಇವನ್ನೆಲ್ಲ ಮನೆಯವರಿಗೆ ಗೊತ್ತಿರುವ ಜಾಗದಲ್ಲಿ ಇಡಿ.

ಭಾರತದಲ್ಲಿ ನಿಜವಾಗ್ಲೂ ಅಷ್ಟು ಕೆಟ್ಟಿದೆಯಾ? ಚೀನಾಗಿಂತ ವಾಸಿ ಅಲ್ವಾ?

ಬಂಧನದ ಲೆಕ್ಕದಲ್ಲಿ ವಾಸಿ. ನ್ಯೂಯಾರ್ಕಿನ 'ಕಮಿಟಿ ಟು ಪ್ರೊಟೆಕ್ಟ್ ಜರ್ನಲಿಸ್ಟ್ಸ್' ಪ್ರತಿ ಡಿಸೆಂಬರ್ 1ರಂದು ಪ್ರಪಂಚದಾದ್ಯಂತ ಜೈಲಿನಲ್ಲಿರುವ ಪತ್ರಕರ್ತರನ್ನು ಎಣಿಸುತ್ತದೆ. 2024ರಲ್ಲಿ ಆ ಸಂಖ್ಯೆ 361. ಚೀನಾ 50, ಇಸ್ರೇಲ್ 43, ಮ್ಯಾನ್ಮಾರ್ 35. ಭಾರತದ್ದು ಬೆರಳೆಣಿಕೆ.

ಆದರೆ ಈ ಎಣಿಕೆ ಒಂದು ದಿನದ ಚಿತ್ರ. ಮಾರ್ಚಿನಲ್ಲಿ ಹಿಡಿದು ಅಕ್ಟೋಬರಿನಲ್ಲಿ ಬಿಟ್ಟವರು ಇದರಲ್ಲಿ ಕಾಣುವುದಿಲ್ಲ. ಸಮನ್ಸ್ ಹಿಡಿದುಕೊಂಡು ತಿಂಗಳಿಗೆರಡು ಸಲ ಬೇರೆ ರಾಜ್ಯದ ಕೋರ್ಟಿಗೆ ಅಲೆಯುವವರೂ ಕಾಣುವುದಿಲ್ಲ. 'ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್' ಸಂಸ್ಥೆಯ ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕದಲ್ಲಿ ಭಾರತ 2023ರಲ್ಲಿ 161ನೆಯ ಸ್ಥಾನದಲ್ಲಿತ್ತು, 2025ರಲ್ಲಿ 151. ಈ ಸ್ಥಾನಗಳ ಬಗ್ಗೆ ಟಿವಿಯಲ್ಲಿ ಕೂಗಾಡುವುದರಲ್ಲಿ ನನಗೆ ಆಸಕ್ತಿ ಇಲ್ಲ. ಒಳಗಿರುವ ಒಬ್ಬರಿಗೆ 151 ಆದರೇನು, 161 ಆದರೇನು.

ನಮ್ಮ ಕರ್ನಾಟಕದಲ್ಲಿ ಇಂಥದ್ದೆಲ್ಲ ಆಗಲ್ಲ ಬಿಡಿ.

ಆಗಿದೆ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಒಂದು ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರ ಮೇಲೆ ಒಂದು ಗುಂಪು ನುಗ್ಗಿ ಹಲ್ಲೆ ಮಾಡಿತು. ಕಸ್ತೂರಿ ಟಿವಿಯ ವರದಿಗಾರ ನವೀನ್ ಸೂರಿಂಜೆ ಅದನ್ನು ಚಿತ್ರೀಕರಿಸಿದರು. ಹೊಡೆದವರು ಯಾರು ಎಂದು ನಾಡಿಗೆ ಗೊತ್ತಾದದ್ದೇ ಆ ದೃಶ್ಯಗಳಿಂದ. ಆದರೆ ಪೊಲೀಸರು ಹೊಡೆದವರ ಸಾಲಿನಲ್ಲೇ ಸೂರಿಂಜೆಯವರನ್ನೂ ನಿಲ್ಲಿಸಿದರು. ನವೆಂಬರ್ 7ರಂದು ಬಂಧನವಾಯಿತು. 'ಮೊದಲೇ ಪೊಲೀಸರಿಗೆ ಯಾಕೆ ಹೇಳಲಿಲ್ಲ' ಎಂಬುದು ದೊಡ್ಡ ಆಕ್ಷೇಪ. ಫೋನ್ ಮಾಡಿದ್ದೆ ಎಂದು ಅವರು ಹೇಳುತ್ತಲೇ ಬಂದರು.

ಡಿಸೆಂಬರಿನಲ್ಲಿ ಹೈಕೋರ್ಟ್ ಜಾಮೀನು ನಿರಾಕರಿಸಿತು. ಪತ್ರಕರ್ತರು ಬೀದಿಗಿಳಿದರು. 2013ರ ಜನವರಿ ಕೊನೆಯಲ್ಲಿ ರಾಜ್ಯ ಸಚಿವ ಸಂಪುಟವೇ ಅವರ ಮೇಲಿನ ಕೇಸು ಹಿಂದಕ್ಕೆ ಪಡೆಯಲು ತೀರ್ಮಾನಿಸಿತು. ಆದರೂ ಅವರು ಹೊರಗೆ ಬರಲಿಲ್ಲ, ತೀರ್ಮಾನ ಆದೇಶವಾಗದೆ ಉಳಿಯಿತು. ಮಾರ್ಚ್ 18ಕ್ಕೆ ಹೈಕೋರ್ಟ್ ಜಾಮೀನು ಕೊಟ್ಟ ಮೇಲಷ್ಟೇ ಬಿಡುಗಡೆ. ಹೊಸ ಸರ್ಕಾರ ಬಂದ ಮೇಲೆ ಕೇಸು ಹಿಂದಕ್ಕೆ ಹೋಯಿತು. ಇದರಿಂದ ನಾವು ಕಲಿತದ್ದು: ಸಚಿವರು ಮೈಕಿನ ಮುಂದೆ 'ಬಿಡ್ತೀವಿ' ಎಂದ ದಿನ ಮನೆಗೆ ಹೋಗಬಾರದು. ಸಹಿಯಾದ ಆದೇಶದ ಪ್ರತಿ ಕೈಗೆ ಸಿಗುವವರೆಗೂ ಕೇಳುತ್ತಿರಬೇಕು.

2017ರ ಜೂನಿನಲ್ಲಿ ನಮ್ಮ ವಿಧಾನಸಭೆ ಇಬ್ಬರು ಸಂಪಾದಕರಿಗೆ, ರವಿ ಬೆಳಗೆರೆ ಮತ್ತು ಅನಿಲ್ ರಾಜ್ ಅವರಿಗೆ, ಶಾಸಕರ ಬಗ್ಗೆ ಬರೆದ ಲೇಖನಗಳಿಗಾಗಿ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ಎಂದಿತು. ದೂರು ಕೊಟ್ಟವರೂ ಸದನದವರು, ತೀರ್ಪು ಕೊಟ್ಟದ್ದೂ ಸದನ. ಅವರು ಹೈಕೋರ್ಟಿಗೆ ಹೋಗಬೇಕಾಯಿತು. ಇನ್ನೂ ಹಿಂದಕ್ಕೆ ಹೋದರೆ, 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕೆಗಳ ಮೇಲೆ ಕಾನೂನು ತಂದಾಗ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು.

ಪಕ್ಷ ಯಾವುದೇ ಇರಲಿ, ಅಧಿಕಾರದಲ್ಲಿದ್ದಾಗ ಎಲ್ಲರದ್ದೂ ಒಂದೇ ಬುದ್ಧಿ. ಈ ಮಾತನ್ನು ನಾನು ಸುಮ್ನೆ ಹೇಳುತ್ತಿಲ್ಲ. ಮೇಲಿನ ಪ್ರಕರಣಗಳ ಇಸವಿ ನೋಡಿ, ಆಗ ಯಾರ ಆಡಳಿತ ಇತ್ತು ಎಂದು ನೆನಪು ಮಾಡಿಕೊಳ್ಳಿ.

## ಬಂಧನ ಆದ ಮೇಲೆ

ಯಾವ ಕಾನೂನಿನಲ್ಲಿ ಒಳಗೆ ಹಾಕ್ತಾರೆ? ಜಾಮೀನು ಯಾಕೆ ಸಿಗಲ್ಲ?

ಬರೆದದ್ದಕ್ಕೆ ಬಂಧಿಸಿದ್ದೇವೆ ಎಂದು ಯಾವ ಎಫ್‌ಐಆರ್‌ನಲ್ಲೂ ಇರುವುದಿಲ್ಲ. ಭಯೋತ್ಪಾದನೆ, ಹಣ ಅಕ್ರಮ ವರ್ಗಾವಣೆ, ಶಾಂತಿಭಂಗ ಇಂಥ ಹೆಸರುಗಳಿರುತ್ತವೆ.

ಅತಿ ಭಾರದ್ದು ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ. ಅದರ 43ಡಿ(5) ಕಲಮಿನ ಪ್ರಕಾರ, ಪೊಲೀಸರ ಆರೋಪ ಮೇಲ್ನೋಟಕ್ಕೆ ನಿಜ ಅನ್ನಿಸಿದರೆ ಸಾಕು, ಕೋರ್ಟು ಜಾಮೀನು ಕೊಡುವ ಹಾಗಿಲ್ಲ. ಚಾರ್ಜ್‌ಶೀಟ್ ಹಾಕಲು 180 ದಿನದವರೆಗೆ ಸಮಯ ಸಿಗುತ್ತದೆ. ಹಣ ಅಕ್ರಮ ವರ್ಗಾವಣೆ ಕಾಯ್ದೆಯಲ್ಲೂ ಜಾಮೀನಿಗೆ ಇಂಥದೇ ಬಿಗಿ ಷರತ್ತುಗಳಿವೆ. ವಿಚಾರಣೆ ತೀರಾ ಎಳೆದಾಡಿದರೆ ಯುಎಪಿಎ ಕೇಸಿನಲ್ಲೂ ಜಾಮೀನು ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ನಜೀಬ್ ಪ್ರಕರಣದಲ್ಲಿ ಹೇಳಿತು. ವಕೀಲರು ಇವತ್ತಿಗೂ ಹೆಚ್ಚು ಹಿಡಿದುಕೊಳ್ಳುವ ತೀರ್ಪು ಅದು.

ಇನ್ನೊಂದು ಬಗೆ ಮುನ್ನೆಚ್ಚರಿಕೆ ಬಂಧನ. ಇಲ್ಲಿ ವಿಚಾರಣೆಯೇ ಇಲ್ಲ. ರಾಷ್ಟ್ರೀಯ ಭದ್ರತಾ ಕಾಯ್ದೆಯಲ್ಲಿ 12 ತಿಂಗಳು, ಜಮ್ಮು ಕಾಶ್ಮೀರದ ಸಾರ್ವಜನಿಕ ಸುರಕ್ಷತಾ ಕಾಯ್ದೆಯಲ್ಲಿ 2 ವರ್ಷದವರೆಗೆ ಇಡಬಹುದು. ಮಣಿಪುರದ ಕಿಶೋರಚಂದ್ರ ವಾಂಗ್ಖೆಮ್ ಮುಖ್ಯಮಂತ್ರಿಯನ್ನು ಟೀಕಿಸಿ ಫೇಸ್‌ಬುಕ್ಕಿನಲ್ಲಿ ಹಾಕಿದ ವಿಡಿಯೊಗೆ ಭದ್ರತಾ ಕಾಯ್ದೆಯಡಿ ಒಳಗೆ ಹೋದರು. 2019ರ ಏಪ್ರಿಲ್‌ನಲ್ಲಿ ಮಣಿಪುರ ಹೈಕೋರ್ಟ್ ಆ ಆದೇಶ ರದ್ದು ಮಾಡಿತು.

ರಾಜದ್ರೋಹದ ಹಳೆ ಕಲಮನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ತಡೆಹಿಡಿಯಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಜಾಗಕ್ಕೆ 152ನೆಯ ಕಲಮು ಬಂದು ಕೂತಿದೆ.

ಬಂಧನ ಆಯ್ತು ಅಂತ ಫೋನ್ ಬಂತು. ಮೊದಲ ದಿನ ಏನು ಮಾಡ್ಬೇಕು?

ಮೊದಲು ಎಲ್ಲಿದ್ದಾರೆ ಅನ್ನುವುದು ಗಟ್ಟಿಯಾಗಬೇಕು. ಯಾವ ಠಾಣೆ, ಯಾರು ಕರೆದುಕೊಂಡು ಹೋದರು, ಎಷ್ಟು ಗಂಟೆಗೆ? ಗಂಟೆ ಬರೆದಿಟ್ಟುಕೊಳ್ಳಿ. ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು. ಎಷ್ಟೋ ಸಲ ಕಾಗದದಲ್ಲಿ ಬಂಧನದ ಸಮಯ ನಿಜಕ್ಕಿಂತ ತಡವಾಗಿ ದಾಖಲಾಗುತ್ತದೆ. ನೀವು ಬರೆದಿಟ್ಟ ಸಮಯ, ಎದುರು ಮನೆಯ ಸಿಸಿಟಿವಿ, ಕೊನೆಯ ಫೋನ್ ಕರೆ ಆಗ ಕೆಲಸಕ್ಕೆ ಬರುತ್ತವೆ.

ಎರಡನೆಯದು ಕಾಗದ. ಬಂಧನದ ಮೆಮೊಗೆ ಮನೆಯವರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಸಹಿ ಹಾಕಬೇಕು. ಸುದ್ದಿಯನ್ನು ನೆಂಟರಿಗೋ ಸ್ನೇಹಿತರಿಗೋ ತಿಳಿಸಬೇಕು. ಬಂಧನದ ಕಾರಣವನ್ನು ಬರಹದಲ್ಲಿ ಕೊಟ್ಟಿದ್ದಾರಾ ಎಂದು ಕೇಳಿ. ಇದು ಸಣ್ಣ ವಿಷಯ ಅಲ್ಲ. 'ನ್ಯೂಸ್‌ಕ್ಲಿಕ್' ಸುದ್ದಿತಾಣದ ಪ್ರಬೀರ್ ಪುರಕಾಯಸ್ಥ ಅವರನ್ನು 2023ರ ಅಕ್ಟೋಬರ್ 3ರಂದು ಯುಎಪಿಎ ಅಡಿ ಬಂಧಿಸಿದ್ದರು. 2024ರ ಮೇ 15ರಂದು ಸುಪ್ರೀಂ ಕೋರ್ಟ್ ಅವರ ಬಂಧನವೂ ರಿಮ್ಯಾಂಡೂ (ಮ್ಯಾಜಿಸ್ಟ್ರೇಟರು ಪೊಲೀಸ್ ಇಲ್ಲವೇ ಜೈಲಿನ ವಶಕ್ಕೆ ಕೊಡುವ ಆದೇಶ) ಅಕ್ರಮ ಎಂದಿತು. ಕಾರಣ ಇದೇ: ಬಂಧನದ ಕಾರಣಗಳನ್ನು ಬರಹದಲ್ಲಿ ಕೊಟ್ಟಿರಲಿಲ್ಲ.

ಮೂರನೆಯದು ವಕೀಲರು. ಮೊದಲ ರಿಮ್ಯಾಂಡ್ ಹೊತ್ತಿಗೆ ಅವರು ಕೋರ್ಟಿನಲ್ಲಿ ಇರಬೇಕು. ಗೊತ್ತಿರುವವರು ಯಾರೂ ಇಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ವಕಾಲತ್ತಿಗೆ, ಅಂದರೆ ತಮ್ಮ ಪರ ವಾದಿಸಲು ವಕೀಲರಿಗೆ ಅಧಿಕಾರ ಕೊಡುವ ಕಾಗದಕ್ಕೆ, ಬಂಧಿತರ ಸಹಿ ಮೊದಲ ಭೇಟಿಯಲ್ಲೇ ಆಗಲಿ. ಮಾತ್ರೆ ತಗೊಳ್ಳುವವರಾದರೆ ಡಾಕ್ಟರ ಚೀಟಿಯ ಪ್ರತಿಯನ್ನು ವಕೀಲರ ಕೈಗೆ ಕೊಟ್ಟು ಮ್ಯಾಜಿಸ್ಟ್ರೇಟರ ಗಮನಕ್ಕೆ ತನ್ನಿ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಮಾತ್ರೆ ಇಲ್ಲದೆ ಒಂದು ರಾತ್ರಿ ಕಳೆಯುವುದೂ ಕಷ್ಟ.

ಸೋಷಿಯಲ್ ಮೀಡಿಯಾ ಇದೆಲ್ಲ ಆದ ಮೇಲೆ. ಹೆಸರು, ಸಂಸ್ಥೆ, ಠಾಣೆ, ಸಮಯ ಈ ನಾಲ್ಕನ್ನೇ ಬರೆಯಿರಿ. ಆರೋಪಕ್ಕೆ ಉತ್ತರ ಕೊಡಲು ಹೋಗಬೇಡಿ. ಆ ಕೆಲಸ ವಕೀಲರದು.

ಕಪ್ಪನ್ ಕೇಸು ಅಂತ ಎಲ್ರೂ ಹೇಳ್ತಾರಲ್ಲ, ಏನದು?

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಿಡುಗಡೆಯ ಕೆಲಸ ಅಂದರೆ ದಿನದಿನಕ್ಕೆ ಏನು ಎಂದು ಇದರಷ್ಟು ಚೆನ್ನಾಗಿ ತೋರಿಸುವ ಕೇಸು ನನಗೆ ಗೊತ್ತಿಲ್ಲ.

ಸಿದ್ದಿಕ್ ಕಪ್ಪನ್ ಕೇರಳದವರು. ದೆಹಲಿಯಲ್ಲಿದ್ದು ಮಲಯಾಳಂ ಸುದ್ದಿತಾಣಕ್ಕೆ ಬರೆಯುತ್ತಿದ್ದರು. ಕೇರಳ ಕಾರ್ಯನಿರತ ಪತ್ರಕರ್ತರ ಸಂಘದ ದೆಹಲಿ ಘಟಕದ ಕಾರ್ಯದರ್ಶಿ. 2020ರ ಅಕ್ಟೋಬರ್ 5ರಂದು ಹಾಥರಸ್‌ಗೆ, ಅತ್ಯಾಚಾರಕ್ಕೊಳಗಾಗಿ ಸತ್ತ ದಲಿತ ಹುಡುಗಿಯ ಊರಿಗೆ, ಹೋಗುತ್ತಿದ್ದಾಗ ಮಥುರಾದ ಟೋಲ್ ಪ್ಲಾಜಾದಲ್ಲಿ ಅವರನ್ನೂ ಜೊತೆಗಿದ್ದ ಮೂವರನ್ನೂ ಪೊಲೀಸರು ಹಿಡಿದರು. ಆ ಮೂವರಲ್ಲಿ ಒಬ್ಬರು ಕಾರಿನ ಡ್ರೈವರ್. ಮೊದಲು ಹಾಕಿದ್ದು ಶಾಂತಿಭಂಗದ ಸಣ್ಣ ಕಲಮು. ಎರಡು ದಿನ ಕಳೆಯುವುದರೊಳಗೆ ಅದು ಯುಎಪಿಎ ಆಯಿತು.

ಮರುದಿನವೇ ಸಂಘ ಸುಪ್ರೀಂ ಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ (ಹಿಡಿದವರನ್ನು ಕೋರ್ಟಿನ ಮುಂದೆ ತನ್ನಿ ಎಂದು ಕೇಳುವ ಅರ್ಜಿ) ಹಾಕಿತು. ಆದರೆ ವಕಾಲತ್ತಿಗೆ ಒಂದು ಸಹಿ ಪಡೆಯಲು ವಕೀಲರು ವಾರಗಟ್ಟಲೆ ಒದ್ದಾಡಿದರು. ನವೆಂಬರ್ 20ರಂದು ಸುಪ್ರೀಂ ಕೋರ್ಟಿನಲ್ಲಿ ಸರ್ಕಾರದ ಪರ ವಕೀಲರು 'ನಮ್ಮ ಆಕ್ಷೇಪ ಇಲ್ಲ' ಎಂದ ಮೇಲೆ ದಾರಿ ತೆರೆಯಿತು. ಅವರು ಪತ್ರಕರ್ತರೇ ಅಲ್ಲ, 2018ರಲ್ಲೇ ಮುಚ್ಚಿದ ಪತ್ರಿಕೆಯ ಗುರುತಿನ ಚೀಟಿ ಇಟ್ಟುಕೊಂಡಿದ್ದಾರೆ ಎಂದು ಉತ್ತರ ಪ್ರದೇಶ ಸರ್ಕಾರ ವಾದಿಸಿತು. ಸಂಘ ಅವರು ಎಲ್ಲಿ ಏನು ಕೆಲಸ ಮಾಡುತ್ತಿದ್ದರು ಎಂದು ದಾಖಲೆ ಕೊಡಬೇಕಾಯಿತು.

2021ರ ಏಪ್ರಿಲ್‌ನಲ್ಲಿ ಜೈಲಿನಲ್ಲಿ ಕೋವಿಡ್ ಬಂತು, ಬಚ್ಚಲಿನಲ್ಲಿ ಬಿದ್ದರು, ಮಥುರಾದ ಆಸ್ಪತ್ರೆ ಸೇರಿದರು. ಮಂಚಕ್ಕೆ ಸರಪಳಿ ಹಾಕಿ ಕಟ್ಟಿದ್ದಾರೆ ಎಂದು ಪತ್ನಿ ರೈಹಾನತ್ ವಕೀಲರ ಮೂಲಕ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆಸಿದರು. ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಅವರನ್ನು ದೆಹಲಿಯ ಆಸ್ಪತ್ರೆಗೆ ಸಾಗಿಸಲು ಹೇಳಿತು. ಆ ಜೂನಿನಲ್ಲಿ ತಾಯಿ ತೀರಿಕೊಂಡರು.

2022ರ ಸೆಪ್ಟೆಂಬರ್ 9ರಂದು ಸುಪ್ರೀಂ ಕೋರ್ಟ್ ಯುಎಪಿಎ ಕೇಸಿನಲ್ಲಿ ಜಾಮೀನು ಕೊಟ್ಟಿತು. ಆದರೂ ಹೊರಗೆ ಬರಲಿಲ್ಲ, ಹಣ ವರ್ಗಾವಣೆಯ ಇನ್ನೊಂದು ಕೇಸಿತ್ತು. ಅದರಲ್ಲಿ ಅಲಹಾಬಾದ್ ಹೈಕೋರ್ಟ್ ಜಾಮೀನು ಕೊಟ್ಟದ್ದು ಡಿಸೆಂಬರ್ 23ಕ್ಕೆ. ಜೈಲಿನ ಬಾಗಿಲು ದಾಟಿದ್ದು 2023ರ ಫೆಬ್ರುವರಿ 2ರಂದು. ಒಟ್ಟು ಸುಮಾರು 28 ತಿಂಗಳು.

ಇದರ ನಡುವೆ ಒಂದು ಸಂಗತಿ ಇದೆ. ಜಾಮೀನಿಗೆ ಒಂದೊಂದು ಲಕ್ಷದ ಇಬ್ಬರು ಶ್ಯೂರಿಟಿ ಬೇಕು, ಅವರು ಉತ್ತರ ಪ್ರದೇಶದವರೇ ಆಗಿರಬೇಕು. ಕೇರಳದ ಮನುಷ್ಯನಿಗೆ, ಅದೂ ಇಂಥ ಕೇಸಿನಲ್ಲಿ, ಅಲ್ಲಿ ಯಾರು ಮುಂದೆ ಬರುತ್ತಾರೆ? ಲಖನೌ ವಿಶ್ವವಿದ್ಯಾಲಯದ ನಿವೃತ್ತ ಕುಲಪತಿ ರೂಪ್ ರೇಖಾ ವರ್ಮಾ ಬಂದರು. ಅವರಿಗಾಗ 79 ವರ್ಷ. ಕಪ್ಪನ್ ಅವರ ಮುಖ ನೋಡಿದವರಲ್ಲ. ತಮ್ಮ ಕಾರಿನ ಕಾಗದಪತ್ರ ಕೊಟ್ಟು ಶ್ಯೂರಿಟಿ ನಿಂತರು. ಸಾವಿರ ಹೇಳಿಕೆಗಳಿಗಿಂತ ಆ ದಿನ ಬೇಕಾಗಿದ್ದದ್ದು ಅದೊಂದು ಆರ್‌ಸಿ ಪುಸ್ತಕ.

ಜಾಮೀನು ಸಿಕ್ಕಿದ್ಮೇಲೆ ಮುಗೀತಲ್ಲ?

ಇಲ್ಲ. ಕಪ್ಪನ್ ಮೊದಲು ದೆಹಲಿಯಲ್ಲಿ ಆರು ವಾರ ಇರಬೇಕಾಯಿತು. ಆಮೇಲೆ ಪ್ರತಿ ಸೋಮವಾರ ಊರಿನ ಠಾಣೆಗೆ ಹೋಗಿ ಸಹಿ ಹಾಕಬೇಕು. ಸೋಮವಾರ ಊರಲ್ಲೇ ಇರಬೇಕಾದ ವರದಿಗಾರ ದೂರದ ಸುದ್ದಿಗೆ ಹೇಗೆ ಹೋಗಬೇಕು? 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತು ತೆಗೆಯಿತು.

ಕಾಶ್ಮೀರದ ಆಸಿಫ್ ಸುಲ್ತಾನ್ ಕತೆ ಇನ್ನೂ ಕಠಿಣ. 2018ರ ಆಗಸ್ಟ್‌ನಲ್ಲಿ ಬಂಧನ. 2022ರ ಏಪ್ರಿಲ್‌ನಲ್ಲಿ ಜಾಮೀನು ಸಿಕ್ಕ ಬೆನ್ನಿಗೇ ಸುರಕ್ಷತಾ ಕಾಯ್ದೆಯಡಿ ಮತ್ತೆ ಒಳಗೆ. ಆ ಆದೇಶ 2023ರ ಡಿಸೆಂಬರಿನಲ್ಲಿ ರದ್ದಾಯಿತು. 2024ರ ಫೆಬ್ರುವರಿ ಕೊನೆಗೆ ಮನೆ ಸೇರಿದರು. ಕೆಲವೇ ದಿನದಲ್ಲಿ ಹಳೆಯ ಇನ್ನೊಂದು ಕೇಸಿನಲ್ಲಿ ಮತ್ತೆ ಬಂಧನ. ಹಾಗಾಗಿ ಜಾಮೀನಿನ ಸಿಹಿ ಹಂಚುವ ದಿನವೇ ವಕೀಲರನ್ನು ಕೇಳಿ: ಬೇರೆ ಎಫ್‌ಐಆರ್ ಎಲ್ಲಾದರೂ ಇದೆಯಾ?

## ಹೊರಗಿರುವ ನಾವು ಏನು ಮಾಡಬಹುದು

ನಾನೊಬ್ಬ ಸಹಿ ಹಾಕಿದ್ರೆ ಏನಾಗುತ್ತೆ ಹೇಳಿ?

ಸಹಿ ಒಂದರಿಂದಲೇ ಹೆಚ್ಚೇನೂ ಆಗುವುದಿಲ್ಲ. ಆಗುತ್ತದೆ ಎಂದು ಹೇಳಿ ನಿಮ್ಮನ್ನು ಹುರಿದುಂಬಿಸುವುದು ನನಗೆ ಇಷ್ಟವಿಲ್ಲ. ಸಹಿ ಹಾಕಿದ ಮೇಲೆ ನೀವು ಆರು ತಿಂಗಳು ಜೊತೆಗಿದ್ದರೆ ಆಗುತ್ತದೆ.

ಬಂಧನದ ಮೊದಲ ವಾರ ಎಲ್ಲರೂ ಇರುತ್ತಾರೆ. ಮೂರನೆಯ ವಾಯಿದೆಗೆ ಕೋರ್ಟಿನಲ್ಲಿ ಹೆಂಡತಿ, ಒಬ್ಬ ತಮ್ಮ, ವಕೀಲರು, ಇಷ್ಟೇ. ಆಗ ಹೋಗಿ ಕೂತುಕೊಳ್ಳಿ. ಇ-ಕೋರ್ಟ್ಸ್ ಆಪ್‌ನಲ್ಲಿ ಕೇಸಿನ ನಂಬರು ಹಾಕಿದರೆ ಮುಂದಿನ ದಿನಾಂಕ ಸಿಗುತ್ತದೆ. ಆ ದಿನಾಂಕವನ್ನು ನಾಲ್ಕು ಜನಕ್ಕೆ ಕಳಿಸಿ. ನಿಮ್ಮ ಶಾಸಕರಿಗೆ, ಸಂಸದರಿಗೆ ನಿಮ್ಮ ಊರು, ಮತಗಟ್ಟೆ ಬರೆದು ಕಾಗದ ಹಾಕಿ, ನಿರ್ದಿಷ್ಟ ಪ್ರಶ್ನೆ ಕೇಳಿ. ಎಲ್ಲರೂ ಒಂದೇ ಒಕ್ಕಣೆ ಕಳಿಸಿದ ನೂರು ಇಮೇಲಿಗಿಂತ ನಿಮ್ಮ ಕೈಬರಹದ ಒಂದು ಕಾಗದವನ್ನು ಅವರ ಕಚೇರಿಯಲ್ಲಿ ಓದುವ ಸಾಧ್ಯತೆ ಜಾಸ್ತಿ.

ಜೈಲಿಗೆ ಪತ್ರ ಬರೀಬಹುದಾ? ಏನಂತ ಬರೆಯೋದು?

ಬರೆಯಿರಿ, ದಯವಿಟ್ಟು ಬರೆಯಿರಿ. ವಿಳಾಸದಲ್ಲಿ ಕೈದಿಯ ಹೆಸರು, ತಂದೆಯ ಹೆಸರು, ಗೊತ್ತಿದ್ದರೆ ಕೈದಿ ಸಂಖ್ಯೆ ಇರಲಿ. ಪಿನ್ನು, ಸ್ಟೇಪಲ್ ಹಾಕಬೇಡಿ. ಜೈಲಿನವರು ಒಡೆದು ಓದಿಯೇ ಕೊಡುತ್ತಾರೆ. ಅಲ್ಲಿನವರಿಗೆ ಬರದ ಭಾಷೆಯಾದರೆ ತಡವಾಗುತ್ತದೆ. ಕೇಸಿನ ಬಗ್ಗೆ ಒಂದಕ್ಷರವೂ ಬೇಡ, ಸರ್ಕಾರವನ್ನು ಬೈಯುವುದೂ ಬೇಡ.

ಮತ್ತೇನು ಬರೆಯುವುದು? ನಿಮ್ಮೂರಿನಲ್ಲಿ ಮಳೆ ಆಯ್ತಾ, ಅವರ ಯಾವ ವರದಿ ಓದಿದ್ದಿರಿ, ಅದರಲ್ಲಿ ಏನು ನೆನಪಿದೆ. ಸುದ್ದಿಯ ಜೊತೆ ಬದುಕಿದವರಿಗೆ ಸುದ್ದಿ ಇಲ್ಲದ ಜಾಗ ಎಷ್ಟು ಕಷ್ಟ ಎಂದು ಯೋಚಿಸಿ. ಉತ್ತರ ಬರಲಿಲ್ಲ ಎಂದು ಬೇಸರಪಡಬೇಡಿ. ಎರಡನೆಯದನ್ನೂ ಹಾಕಿ.

ನಾವು ಗಲಾಟೆ ಮಾಡಿದ್ರೆ ಒಳಗಿರೋರಿಗೆ ತೊಂದ್ರೆ ಜಾಸ್ತಿ ಆಗಲ್ವಾ?

ಆಗಬಹುದು. ಅದಕ್ಕೇ ಮನೆಯವರನ್ನೂ ವಕೀಲರನ್ನೂ ಕೇಳದೆ ಏನೂ ಮಾಡಬಾರದು. ಅವರು 'ಈಗ ಬೇಡ' ಎಂದರೆ ಬೇಡ. ಮಕ್ಕಳ ಫೋಟೊ, ಮನೆಯ ವಿಳಾಸ, ಕಾಯಿಲೆಯ ವಿವರ ಅವರ ಒಪ್ಪಿಗೆ ಇಲ್ಲದೆ ಹೊರಗೆ ಹಾಕಬಾರದು.

ಆದರೆ ಸುಮ್ಮನಿದ್ದರೆ ಒಳ್ಳೆಯದಾಗುತ್ತದೆ ಅನ್ನುವುದಕ್ಕೂ ಆಧಾರ ಇಲ್ಲ. ಮ್ಯಾನ್ಮಾರಿನಲ್ಲಿ ರಾಯಿಟರ್ಸ್‌ನ ವಾ ಲೋನ್ ಮತ್ತು ಕ್ಯಾ ಸೋ ಊ ಎಂಬ ಇಬ್ಬರು, ಇನ್ ದಿನ್ ಎಂಬ ಹಳ್ಳಿಯಲ್ಲಿ 10 ಜನ ರೊಹಿಂಗ್ಯಾ ಗಂಡಸರನ್ನು ಕೊಂದದ್ದನ್ನು ತನಿಖೆ ಮಾಡುತ್ತಿದ್ದರು. 2017ರ ಡಿಸೆಂಬರ್ 12ರಂದು ಬಂಧನವಾಗಿ 7 ವರ್ಷ ಶಿಕ್ಷೆಯಾಯಿತು. ಅವರ ಸಂಸ್ಥೆ ಒಂದು ದಿನವೂ ಸುಮ್ಮನಿರಲಿಲ್ಲ. ಅವರು ಬರೆಯುತ್ತಿದ್ದ ವರದಿಯನ್ನೂ ಪ್ರಕಟಿಸಿತು. 511 ದಿನಗಳ ನಂತರ, 2019ರ ಮೇ 7ರಂದು, ಅಧ್ಯಕ್ಷರ ಕ್ಷಮಾದಾನದಲ್ಲಿ ಇಬ್ಬರೂ ಹೊರಬಂದರು. ಅದೇ ಕೇಸಿನಲ್ಲಿ ಮೊಯೆ ಯಾನ್ ನಾಯಿಂಗ್ ಎಂಬ ಪೊಲೀಸ್ ಅಧಿಕಾರಿ, ಇದು ಬೇಕಂತಲೇ ಒಡ್ಡಿದ ಬಲೆ ಎಂದು ಕೋರ್ಟಿನಲ್ಲಿ ನಿಜ ಹೇಳಿದರು. ಅವರನ್ನು ಜೈಲಿಗೆ ಹಾಕಿದರು, ಹೆಂಡತಿ ಮಕ್ಕಳನ್ನು ಪೊಲೀಸ್ ವಸತಿಗೃಹದಿಂದ ಹೊರಹಾಕಿದರು. ಪತ್ರಕರ್ತರ ಹೆಸರಿನ ಜೊತೆ ಇಂಥವರ ಹೆಸರನ್ನೂ ಹೇಳಬೇಕು.

ಅವರ ರಾಜಕೀಯ ನನಗೆ ಸ್ವಲ್ಪವೂ ಆಗಲ್ಲ. ಆದ್ರೂ ಅವರ ಪರ ನಿಲ್ಬೇಕಾ?

ನಿಲ್ಲಬೇಕು. ಅರ್ನಬ್ ಗೋಸ್ವಾಮಿಯವರನ್ನು 2020ರ ನವೆಂಬರ್ 4ರಂದು ಬಂಧಿಸಿದರು. ಒಂದೇ ವಾರದಲ್ಲಿ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತು. ಒಂದು ದಿನದ ಮಟ್ಟಿಗೆ ಸ್ವಾತಂತ್ರ್ಯ ಕಿತ್ತುಕೊಂಡರೂ ಅದು ಹೆಚ್ಚೇ ಎಂಬರ್ಥದ ಮಾತು ಆ ತೀರ್ಪಿನಲ್ಲಿದೆ. ಅದು ಸರಿಯಾದ ತೀರ್ಪು. ಅವರ ಕಾರ್ಯಕ್ರಮ ನನಗೆ ಹಿಡಿಸುವುದಿಲ್ಲ, ಆದರೂ ಹೇಳುತ್ತೇನೆ, ಸರಿಯಾದ ತೀರ್ಪು. ಅದೇ ವಾರ ಕಪ್ಪನ್ ಮಥುರಾ ಜೈಲಿನಲ್ಲಿ ವಕೀಲರ ಮುಖ ನೋಡಲು ಕಾಯುತ್ತಿದ್ದರು. ಒಬ್ಬರಿಗೆ ಸಿಕ್ಕಷ್ಟೇ ಬೇಗ ಇನ್ನೊಬ್ಬರಿಗೂ ಜಾಮೀನು ಸಿಗಲಿ ಅನ್ನುವುದಷ್ಟೇ ನಮ್ಮ ಬೇಡಿಕೆ. ಮೊದಲನೆಯವರಿಂದ ಕಿತ್ತುಕೊಳ್ಳಿ ಅನ್ನುವುದಲ್ಲ.

ದುಡ್ಡು ಕೊಡೋಣ ಅಂತಿದೀವಿ. ಯಾರಿಗೆ ಕೊಡೋದು? ನಾವು ಅಮೆರಿಕದಲ್ಲಿದೀವಿ.

ಮನೆಯವರ ಅಥವಾ ಪತ್ರಕರ್ತರ ಸಂಘದ ಖಾತೆಗೆ, ರಸೀದಿ ಪಡೆದು ಕೊಡಿ. ವಕೀಲರ ಫೀಸಿಗಿಂತಲೂ ಕುಟುಂಬವನ್ನು ಹಿಂಡುವುದು ಪ್ರಯಾಣದ ಖರ್ಚು, ಮಕ್ಕಳ ಶಾಲೆ ಫೀಸು, ಬಾಡಿಗೆ. ಅವರನ್ನೇ ಕೇಳಿ.

ವಿದೇಶದಲ್ಲಿರುವವರು ಎಚ್ಚರವಾಗಿರಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ದುಡ್ಡು ವಿದೇಶಿ ದೇಣಿಗೆ ಕಾಯ್ದೆಯ ಕೆಳಗೆ ಬರುತ್ತದೆ. ಎಲ್ಲರ ದುಡ್ಡು ಒಟ್ಟು ಮಾಡಿ ಕಳಿಸುವುದು ಬೇಡವೇ ಬೇಡ. ಬಂಧಿತರ ಮೇಲೆ ಹಣದ ಆರೋಪವೂ ಇದ್ದರೆ ನಿಮ್ಮ ಒಳ್ಳೆಯ ಮನಸ್ಸೇ ಅವರಿಗೆ ಹೊಸ ಕೇಸು ತಂದೀತು. ಕಳಿಸುವ ಮೊದಲು ವಕೀಲರ ಒಪ್ಪಿಗೆ ಪಡೆಯಿರಿ.

## ಆಳಕ್ಕೆ ಇಳಿದವರ ಪ್ರಶ್ನೆಗಳು

ಫೋನು, ಲ್ಯಾಪ್‌ಟಾಪ್ ಕಿತ್ಕೊಂಡು ಹೋದ್ರೆ? ಸುದ್ದಿ ಕೊಟ್ಟವರ ಹೆಸರೆಲ್ಲ ಅದರಲ್ಲೇ ಇರುತ್ತೆ.

ನಮ್ಮಲ್ಲಿ ದೊಡ್ಡ ತೂತು ಇರುವುದೇ ಇಲ್ಲಿ. ಸುದ್ದಿಮೂಲವನ್ನು ಕಾಪಾಡುವ ಕಾನೂನು ಭಾರತದಲ್ಲಿ ಇಲ್ಲ. ಪತ್ರಿಕಾ ಮಂಡಳಿ ಕಾಯ್ದೆ ಮಂಡಳಿಯ ಮುಂದಿನ ವಿಚಾರಣೆಯಲ್ಲಿ ಮಾತ್ರ ರಕ್ಷಣೆ ಕೊಡುತ್ತದೆ, ಪೊಲೀಸರ ಮುಂದೆ ಅಲ್ಲ. 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಪತ್ರಕರ್ತರ ಸಾಧನಗಳನ್ನು ವಶಪಡಿಸಿಕೊಳ್ಳುವುದಕ್ಕೆ ಸರಿಯಾದ ಮಾರ್ಗಸೂಚಿ ಬೇಕು ಎಂದು ಕೇಂದ್ರಕ್ಕೆ ಹೇಳಿತು.

ಸದ್ಯಕ್ಕೆ ಮಾಡಬಹುದಾದದ್ದು: ಮಹಜರಿನಲ್ಲಿ ಪ್ರತಿ ಸಾಧನದ ಮಾದರಿ, ಐಎಂಇಐ ಸಂಖ್ಯೆ ಬರೆಸಿ. ಹ್ಯಾಶ್ ವ್ಯಾಲ್ಯೂ, ಅಂದರೆ ಒಳಗಿರುವ ಮಾಹಿತಿ ಬದಲಾದರೆ ತಾನೂ ಬದಲಾಗುವ ಒಂದು ಸಂಖ್ಯೆ, ಅದನ್ನು ಸ್ಥಳದಲ್ಲೇ ದಾಖಲಿಸಲು ಕೇಳಿ. ಕೊಡದಿದ್ದರೆ 'ಕೇಳಿದೆವು, ಕೊಡಲಿಲ್ಲ' ಎಂದು ಮಹಜರಿನಲ್ಲೇ ಬರೆದು ಸಹಿ ಹಾಕಿ. ಮಹಜರಿನ ಪ್ರತಿ ಪಡೆಯಿರಿ. ನಿಮ್ಮನ್ನು ನಂಬಿ ಸುದ್ದಿ ಕೊಟ್ಟವರಿಗೆ ಫೋನು ಹೋಗಿದೆ ಎನ್ನುವ ವಿಷಯ ಆದಷ್ಟು ಬೇಗ ತಿಳಿಯಲಿ.

ವಿಶ್ವಸಂಸ್ಥೆಗೆ ದೂರು ಕೊಟ್ರೆ ಪ್ರಯೋಜನ ಇದೆಯಾ?

ಕಾರಣವಿಲ್ಲದ ಬಂಧನಗಳ ಬಗ್ಗೆ ಅಲ್ಲಿ ಐದು ತಜ್ಞರ ಒಂದು ಗುಂಪು 1991ರಿಂದ ಇದೆ. ಬಂಧಿತರು, ಅವರ ಮನೆಯವರು, ಪ್ರತಿನಿಧಿಗಳು, ಸಂಘ ಸಂಸ್ಥೆಗಳು ದೂರು ಕೊಡಬಹುದು. ಅದು ಸರ್ಕಾರದ ಉತ್ತರ ಕೇಳಿ ಅಭಿಪ್ರಾಯ ಕೊಡುತ್ತದೆ. ಅದನ್ನು ಸರ್ಕಾರ ಪಾಲಿಸಲೇಬೇಕೆಂದಿಲ್ಲ. ಸಮಯವೂ ಹಿಡಿಯುತ್ತದೆ. ಹಾಗಂತ ವ್ಯರ್ಥ ಅಲ್ಲ: ಸರ್ಕಾರ ಬರಹದಲ್ಲಿ ಉತ್ತರಿಸಿದರೆ ಆ ಉತ್ತರ ಮುಂದೆ ಬೇರೆ ಕಡೆ ಬಳಕೆಗೆ ಬರುತ್ತದೆ. ನಮ್ಮ ಹೈಕೋರ್ಟಿನ ಅರ್ಜಿಗೆ ಇದು ಬದಲಿಯಲ್ಲ. ಎರಡೂ ಒಟ್ಟಿಗೆ ನಡೆಯಲಿ.

ಇಪ್ಪತ್ತು ವರ್ಷ ಆದ್ರೂ ಬಿಡದವರ ಹೆಸರು ಹೇಳ್ತಾ ಇದ್ರೆ ಏನು ಲಾಭ?

ಎರಿಟ್ರಿಯಾದ ದಾವಿತ್ ಇಸಾಕ್ ಬಗ್ಗೆ ಕೇಳುತ್ತಿದ್ದೀರಿ ಎಂದುಕೊಳ್ಳುತ್ತೇನೆ. ಅವರು ಸ್ವೀಡನ್ ಪೌರರೂ ಹೌದು. ಅಸ್ಮಾರಾದಲ್ಲಿ 'ಸೆತಿತ್' ಪತ್ರಿಕೆ ಕಟ್ಟಿದವರಲ್ಲಿ ಒಬ್ಬರು. 2001ರ ಸೆಪ್ಟೆಂಬರ್ 23ರಂದು ಬಂಧನವಾಯಿತು. ಅವತ್ತಿನಿಂದ ವಿಚಾರಣೆಯೇ ನಡೆದಿಲ್ಲ. 2005ರ ನವೆಂಬರಿನಲ್ಲಿ ಬಿಟ್ಟರು, ಎರಡು ದಿನಕ್ಕೆ ಮತ್ತೆ ಹಿಡಿದರು. 2017ರಲ್ಲಿ ಯುನೆಸ್ಕೊ ಅವರಿಗೆ ಗಿಲ್ಲೆರ್ಮೊ ಕಾನೊ ಪ್ರಶಸ್ತಿ ಕೊಟ್ಟಿತು. ಬಂದು ತೆಗೆದುಕೊಳ್ಳಲು ಅವರಿಲ್ಲ.

ಹೆಸರು ಹೇಳುತ್ತಲೇ ಇರುವುದರಿಂದ ಅವರು ನಾಳೆ ಬಿಡುಗಡೆ ಆಗುತ್ತಾರೆ ಎಂದು ನಾನು ಹೇಳಲಾರೆ. ಆದರೆ ಹೇಳುವುದು ನಿಲ್ಲಿಸಿದರೆ ಆ ಸರ್ಕಾರ ಕಾಯುತ್ತಿದ್ದದ್ದು ಆಗಿಹೋಗುತ್ತದೆ. ಅವರ ಮಗಳು ಬೆಟ್ಲೆಹೆಮ್ ದೊಡ್ಡವರಾಗಿ ಅಪ್ಪನ ಬಿಡುಗಡೆಗೆ ಓಡಾಡುತ್ತಿದ್ದಾರೆ. ಅವರು ಸಾಕು ಅನ್ನುವವರೆಗೆ ನಾವು ಸಾಕು ಅನ್ನುವ ಹಾಗಿಲ್ಲ.

ಬಿಡುಗಡೆಯಾಗಿ ಬಂದವರಿಗೆ ನಾವು ಏನು ಮಾಡ್ಬಹುದು?

ಕೆಲಸ ಕೊಡಿ. ಸನ್ಮಾನ, ಹಾರ, ಶಾಲು ಎಲ್ಲ ಒಂದು ವಾರ. ಆಮೇಲೆ ಅವರ ಹತ್ತಿರ ವರದಿ ಕೇಳುವವರು ಇರುವುದಿಲ್ಲ. ಕೇಸು ಇನ್ನೂ ನಡೆಯುತ್ತಿರುತ್ತದೆ, ಬ್ಯಾಂಕಿನವರು ಸಾಲ ಕೊಡುವುದಿಲ್ಲ, ಮನೆ ಬಾಡಿಗೆಗೆ ಸಿಗುವುದಿಲ್ಲ. ಸಂಪಾದಕರು ಯಾರಾದರೂ ಇದನ್ನು ಓದುತ್ತಿದ್ದರೆ ನೇರವಾಗಿ ಕೇಳುತ್ತೇನೆ: ಅವರ ಹೆಸರಿನಲ್ಲೇ ಬರಹ ಹಾಕಿ, ಹಾಕಿದ ತಿಂಗಳೇ ದುಡ್ಡು ಕೊಡಿ. ಜೈಲಿನ ಅನುಭವ ಬರೆದುಕೊಡಿ ಎಂದು ಮಾತ್ರ ಕೇಳಬೇಡಿ. ನೀರಾವರಿಯ ಬಗ್ಗೆ ಬರೆಯುತ್ತಿದ್ದವರಿಂದ ನೀರಾವರಿಯ ವರದಿಯನ್ನೇ ಕೇಳಿ. ಓದುಗರಾದರೆ ಆ ವರದಿ ಓದಿ, ಚೆನ್ನಾಗಿದ್ದರೆ ಚೆನ್ನಾಗಿದೆ ಎಂದು, ತಪ್ಪಿದ್ದರೆ ತಪ್ಪಿದೆ ಎಂದು ಸಂಪಾದಕರಿಗೆ ಎರಡು ಸಾಲು ಬರೆಯಿರಿ.